ಕೋಲ್ಡ್ ಫ್ರಂಟ್ ಬರುವ ವಾರ ಗ್ಯಾಲ್ವೆಸ್ಟನ್ ಕೊಲ್ಲಿಯಲ್ಲಿ ಗಾಳ ಹಾಕಬಹುದೇ?

ಪ್ರಶ್ನೆ: ನಾವು ಅಮೆರಿಕದ ಟೆಕ್ಸಸ್‌ನ ಹ್ಯೂಸ್ಟನ್‌ನಲ್ಲಿದ್ದೇವೆ. ಊರಿನಿಂದ ಬಂದಿರುವ ಅಪ್ಪ (68 ವರ್ಷ) ಮತ್ತು ನನ್ನ 11 ವರ್ಷದ ಮಗನ ಜೊತೆ ಗ್ಯಾಲ್ವೆಸ್ಟನ್ ಕೊಲ್ಲಿಯಲ್ಲಿ ಗಾಳ ಹಾಕಲು ನವೆಂಬರ್ ಎರಡನೇ ಶನಿವಾರಕ್ಕೆ ಗೈಡ್ ಒಬ್ಬರನ್ನು ಗೊತ್ತುಮಾಡಿದ್ದೇನೆ. ಶುಕ್ರವಾರ ರಾತ್ರಿ ಕೋಲ್ಡ್ ಫ್ರಂಟ್ (ಉತ್ತರದಿಂದ ನುಗ್ಗಿಬರುವ ತಣ್ಣನೆಯ ಗಾಳಿಯ ಮುಂಚೂಣಿ) ದಾಟುತ್ತದೆ ಎನ್ನುತ್ತಿದೆ ಹವಾಮಾನ ವರದಿ. ಗೈಡ್ ‘ಗುರುವಾರ ಮಾತಾಡೋಣ’ ಎಂದಷ್ಟೇ ಹೇಳಿದ್ದಾರೆ. ರದ್ದು ಮಾಡಬೇಕೇ? ಹೋದರೆ ಮೀನು ಸಿಗುತ್ತದೆಯೇ? ನಮ್ಮ ಕಡೆಯಿಂದ ಏನು ತಯಾರಿ ಬೇಕು?

ಉತ್ತರ: ರದ್ದು ಮಾಡಬೇಡಿ, ದಿನ ಬದಲಿಸಲು ಆಗುತ್ತದೆಯೇ ಎಂದು ಕೇಳಿ. ವರದಿ ನಿಜವಾದರೆ ಆ ವಾರದಲ್ಲಿ ನಿಮಗೆ ಸಿಗಬಹುದಾದ ಅತ್ಯಂತ ಕೆಟ್ಟ ಹೊತ್ತು ಶನಿವಾರ ಬೆಳಿಗ್ಗೆಯೇ. ಶುಕ್ರವಾರ ಬೆಳಿಗ್ಗೆ ಮೀನು ಚೆನ್ನಾಗಿ ಕಚ್ಚುವ ಸಾಧ್ಯತೆ ಇದೆ, ಆದರೆ ಗಾಳಿ ಜೋರಾಗಿರುತ್ತದೆ. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಪರಿಸ್ಥಿತಿ ಪರವಾಗಿಲ್ಲ ಎನ್ನುವಂತಾಗುತ್ತದೆ. ಸೋಮವಾರ ಅಥವಾ ಮಂಗಳವಾರ ಸಿಕ್ಕರೆ ಅಪ್ಪ, ಮಗ ಇಬ್ಬರಿಗೂ ಅದೇ ಉತ್ತಮ. ಶರತ್ಕಾಲದಲ್ಲಿ ಕ್ಯಾಲೆಂಡರ್‌ನ ತಾರೀಖಿಗಿಂತ, ಒಂದು ಫ್ರಂಟ್‌ಗೂ ಮುಂದಿನದಕ್ಕೂ ನಡುವೆ ನಿಮ್ಮ ದಿನ ಎಲ್ಲಿ ಬೀಳುತ್ತದೆ ಎನ್ನುವುದೇ ಮುಖ್ಯ. ಗೈಡ್ ಗುರುವಾರದವರೆಗೆ ಬಾಯಿ ಬಿಡದಿರುವುದು ನಿರ್ಲಕ್ಷ್ಯವಲ್ಲ. ಐದು ದಿನ ಮೊದಲು ಫ್ರಂಟ್ ಬರುವ ಗಂಟೆಯನ್ನು ಯಾರೂ ಖಚಿತವಾಗಿ ಹೇಳಲಾರರು; ಅದು ಹನ್ನೆರಡು ಗಂಟೆ ಹಿಂದೆಮುಂದೆ ಆದರೆ ಇಡೀ ಯೋಜನೆಯೇ ಬದಲಾಗುತ್ತದೆ.

ಫ್ರಂಟ್ ಬಂದಾಗ ಕೊಲ್ಲಿಯಲ್ಲಿ ಏನಾಗುತ್ತದೆ ಎಂದು ತಿಳಿದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ಗ್ಯಾಲ್ವೆಸ್ಟನ್ ಕೊಲ್ಲಿ ವಿಶಾಲವಾದರೂ ಆಳವಿಲ್ಲ. ಹಡಗುಗಳಿಗಾಗಿ ತೋಡಿದ ಕಾಲುವೆ ಬಿಟ್ಟರೆ ಸರಾಸರಿ ಆಳ ಎರಡರಿಂದ ಮೂರು ಮೀಟರ್ ಅಷ್ಟೆ. ಇಲ್ಲಿನ ಉಬ್ಬರ ಇಳಿತಗಳ ಅಂತರವೂ ಚಿಕ್ಕದು, ಸಾಮಾನ್ಯವಾಗಿ ಒಂದೆರಡು ಅಡಿ. ಹಾಗಾಗಿ ಇಲ್ಲಿ ನೀರಿನ ಮಟ್ಟವನ್ನು ಚಂದ್ರನಿಗಿಂತ ಹೆಚ್ಚಾಗಿ ಗಾಳಿಯೇ ಆಳುತ್ತದೆ. ಪರಾತದಲ್ಲಿ ನೀರು ತುಂಬಿ ಒಂದು ಕಡೆ ಎತ್ತಿದರೆ ಹೇಗೋ ಹಾಗೆ, ಎರಡು ಮೂರು ದಿನ ಆಗ್ನೇಯದ ಗಾಳಿ ಬೀಸಿದರೆ ಸಮುದ್ರದ ನೀರು ಒಳನುಗ್ಗಿ ಜೌಗಿನ ಹುಲ್ಲು ಮುಳುಗುತ್ತದೆ. ಫ್ರಂಟ್ ದಾಟಿ ಉತ್ತರದ ಗಾಳಿ 25 ನಾಟ್‌ನಲ್ಲಿ (ಗಂಟೆಗೆ ಸುಮಾರು 46 ಕಿ.ಮೀ.) ಬೀಸಿದರೆ ಅದೇ ನೀರು ಕೆಲವೇ ಗಂಟೆಗಳಲ್ಲಿ ಹೊರಗೆ ತಳ್ಳಿಸಿಕೊಂಡು ಹೋಗುತ್ತದೆ. ಉಬ್ಬರದ ಪಟ್ಟಿ ಹೇಳಿದ್ದಕ್ಕಿಂತ ಎರಡು ಅಡಿ ಕೆಳಗೆ ನೀರು ನಿಲ್ಲುವುದು ಬಲವಾದ ಫ್ರಂಟ್‌ನ ಮರುದಿನ ವಿಶೇಷವೇನಲ್ಲ. ಒಂದೂವರೆ ಅಡಿ ನೀರಿನಲ್ಲಿ ಮೀನಿದ್ದ ಜಾಗದಲ್ಲಿ ಅವತ್ತು ಬರೀ ಕೆಸರು ಇರುತ್ತದೆ.

ಆದ್ದರಿಂದ ಮೊಬೈಲಿನ ಉಬ್ಬರ ಇಳಿತದ ಆ್ಯಪ್ ಒಂದನ್ನೇ ನಂಬಬೇಡಿ. ಅದು ತೋರಿಸುವುದು ಲೆಕ್ಕ ಹಾಕಿದ ಮಟ್ಟ, ನಿಜದ ಮಟ್ಟವಲ್ಲ. ಅಮೆರಿಕದ ಸಾಗರ ಮತ್ತು ಹವಾಮಾನ ಸಂಸ್ಥೆ ನೋವಾ (NOAA) ಗ್ಯಾಲ್ವೆಸ್ಟನ್ ಪಿಯರ್ 21, ಈಗಲ್ ಪಾಯಿಂಟ್, ಮಾರ್ಗನ್ಸ್ ಪಾಯಿಂಟ್ ಮುಂತಾದ ಕಡೆ ಅಳತೆ ಕೇಂದ್ರಗಳನ್ನಿಟ್ಟಿದೆ. ಅವುಗಳ ಪುಟದಲ್ಲಿ ಲೆಕ್ಕದ ಗೆರೆ ಮತ್ತು ಅಳೆದ ಗೆರೆ ಎರಡೂ ಒಟ್ಟಿಗೇ ಕಾಣುತ್ತವೆ. ಎರಡರ ನಡುವಿನ ಅಂತರ ಎಷ್ಟಿದೆ, ಅದು ಹೆಚ್ಚುತ್ತಿದೆಯೋ ತಗ್ಗುತ್ತಿದೆಯೋ ಎಂದು ನೋಡಿ. ಅಳೆದ ಗೆರೆ ಲೆಕ್ಕದ ಗೆರೆಯತ್ತ ಮರಳಿ ಏರತೊಡಗಿದರೆ ಕೊಲ್ಲಿಗೆ ನೀರು ವಾಪಸಾಗುತ್ತಿದೆ ಎಂದರ್ಥ. ನೀರಿನ ಹಿಂದೆಯೇ ಮೀನೂ ಬರುತ್ತದೆ. ಅದೇ ಪುಟಗಳಲ್ಲಿ ಗಾಳಿ ಮತ್ತು ನೀರಿನ ಉಷ್ಣಾಂಶವೂ ಸಿಗುತ್ತದೆ.

ಫ್ರಂಟ್‌ನ ಸುತ್ತನ್ನು ದಿನದ ಲೆಕ್ಕದಲ್ಲಿ ಹೀಗೆ ನೋಡಬಹುದು. ಬರುವ ಹಿಂದಿನ ದಿನ ಗಾಳಿ ದಕ್ಷಿಣ ಅಥವಾ ಆಗ್ನೇಯದಿಂದ 15–20 ನಾಟ್ ಇರುತ್ತದೆ. ಸೆಖೆ, ಮೋಡ, ಏರಿದ ನೀರು. ಬೆಳಕು ಮಂದವಾಗಿರುವುದರಿಂದ ಮೀನು ದಿನವಿಡೀ ಓಡಾಡುತ್ತದೆ, ಚೆನ್ನಾಗಿ ತಿನ್ನುತ್ತದೆ. ಈ ಹೊತ್ತಿನಲ್ಲಿ ಮಂಜಿನ ಬಗ್ಗೆಯೂ ಎಚ್ಚರ ಬೇಕು: ತಣ್ಣಗಾಗುತ್ತಿರುವ ಕೊಲ್ಲಿಯ ನೀರಿನ ಮೇಲೆ ಸಮುದ್ರದ ಬೆಚ್ಚನೆಯ ತೇವದ ಗಾಳಿ ಬಂದಾಗ ದಟ್ಟ ಮಂಜು ಕವಿಯುತ್ತದೆ. ಹಡಗು ಓಡಾಡುವ ಕಾಲುವೆಯನ್ನು ಮಂಜಿನಲ್ಲಿ ದಾಟದೆ ಗೈಡ್ ದಡದಲ್ಲೇ ಒಂದು ಗಂಟೆ ಕಾಯಿಸಿದರೆ ಬೇಸರ ಮಾಡಿಕೊಳ್ಳಬೇಡಿ.

ಫ್ರಂಟ್ ದಾಟುವ ಕ್ಷಣವೇ ಅಪಾಯದ್ದು. ಮುಂಚೂಣಿಯಲ್ಲಿ ಗುಡುಗು ಮಿಂಚಿನ ಸಾಲು ಇರಬಹುದು, ಗಾಳಿ ಕೆಲವೇ ನಿಮಿಷಗಳಲ್ಲಿ ದಕ್ಷಿಣದಿಂದ ಉತ್ತರಕ್ಕೆ ತಿರುಗುತ್ತದೆ, 30 ನಾಟ್ ಮೀರಿದ ಬೀಸುಗಳೂ ಬರಬಹುದು. ಆಳವಿಲ್ಲದ ನೀರಿನಲ್ಲಿ ಅಲೆ ಗಿಡ್ಡ, ಕಡಿದು ಮತ್ತು ಒತ್ತೊತ್ತಾಗಿ ಏಳುವುದರಿಂದ 22–24 ಅಡಿಯ ದೋಣಿಗೆ ಅದು ತೆರೆದ ಸಮುದ್ರದ ಉದ್ದನೆಯ ಅಲೆಗಿಂತ ಹೆಚ್ಚು ಕಾಟ ಕೊಡುತ್ತದೆ. ಶುಕ್ರವಾರ ಬೆಳಿಗ್ಗೆ ಹೋಗುವುದೇ ಆದರೆ, ಫ್ರಂಟ್ ಬರುವ ಅಂದಾಜು ಹೊತ್ತಿಗೆ ಆರು ಗಂಟೆ ಮೊದಲೇ ದಡ ಸೇರುವಂತೆ ಮಾತಾಡಿಕೊಳ್ಳಿ. ಗುಡುಗು ಕೇಳಿಸಿತೆಂದರೆ ಗಾಳ ಹಾಕುವುದು ನಿಲ್ಲಬೇಕು. ಗ್ರಾಫೈಟ್ ರಾಡ್ ವಿದ್ಯುತ್ ಹರಿಸುತ್ತದೆ. ಕೊನೆಯ ಗುಡುಗಾದ ಮೇಲೆ 30 ನಿಮಿಷ ಕಾಯುವುದು ನಿಯಮ.

ದಾಟಿದ ಮೊದಲ ದಿನ, ಎಂದರೆ ನಿಮ್ಮ ಶನಿವಾರ, ಆಕಾಶ ತೊಳೆದಿಟ್ಟಷ್ಟು ನೀಲಿ. ಫೋಟೋಗೆ ಚೆಂದ, ಮೀನಿಗೆ ಅಲ್ಲ. ಉತ್ತರದ ಗಾಳಿ 20–25 ನಾಟ್, ನೀರು ಇಳಿದಿರುತ್ತದೆ, ಬಿಸಿಲು ನೇರವಾಗಿ ತಳ ಮುಟ್ಟುತ್ತದೆ. ಎರಡನೇ ದಿನ ಗಾಳಿ ಈಶಾನ್ಯಕ್ಕೆ, ಆಮೇಲೆ ಪೂರ್ವಕ್ಕೆ ವಾಲುತ್ತ 10 ನಾಟ್‌ಗೆ ಇಳಿಯುತ್ತದೆ. ಮೂರನೇ ದಿನ ಮತ್ತೆ ಆಗ್ನೇಯ, ನೀರು ಮರಳುತ್ತದೆ, ಮೀನಿಗೆ ಹಸಿವೂ ಮರಳುತ್ತದೆ. ನವೆಂಬರ್‌ನಲ್ಲಿ ಹೆಚ್ಚುಕಡಿಮೆ ವಾರಕ್ಕೊಂದರಂತೆ ಈ ಸುತ್ತು ನಡೆಯುತ್ತದೆ. ಫ್ರಂಟ್ ದುರ್ಬಲವಾಗಿದ್ದರೆ ಎಲ್ಲವೂ ಅರ್ಧ ತೀವ್ರತೆಯಲ್ಲಿ ಮುಗಿದು ಶನಿವಾರ ಮಧ್ಯಾಹ್ನವೇ ಚೆನ್ನಾಗಿರಬಹುದು. ಅದಕ್ಕೇ ಗುರುವಾರದ ಮಾತುಕತೆ.

ಒತ್ತಡಮಾಪಕ ನೋಡಿ ಮೀನಿನ ಮನಸ್ಸು ಹೇಳುವವರು ಬಹಳ ಮಂದಿ ಸಿಗುತ್ತಾರೆ. ನನಗೆ ಅದರಲ್ಲಿ ಅಷ್ಟು ನಂಬಿಕೆ ಇಲ್ಲ. ವಾಯುಭಾರ 10 ಹೆಕ್ಟೊಪಾಸ್ಕಲ್‌ನಷ್ಟು ಬದಲಾದರೆ ಮೀನಿಗೆ ತಗಲುವ ವ್ಯತ್ಯಾಸ ಸುಮಾರು 10 ಸೆಂಟಿಮೀಟರ್ ನೀರಿನಷ್ಟು. ಆ ಮೀನು ಒಂದು ಅಡಿ ಮೇಲೇರಿದರೆ ಇದಕ್ಕಿಂತ ಮೂರು ಪಟ್ಟು ವ್ಯತ್ಯಾಸ ಅನುಭವಿಸುತ್ತದೆ. ಫ್ರಂಟ್ ನಂತರ ಮೀನು ಕಚ್ಚದಿರುವುದಕ್ಕೆ ಇಳಿದ ನೀರು, ತಣಿದ ತಳ, ಹೆಚ್ಚಿದ ಬೆಳಕು, ಕದಡಿದ ದಡ ಇವಿಷ್ಟೇ ಸಾಕು. ಇವುಗಳನ್ನು ನೋಡಿ ಜಾಗ ಬದಲಿಸಬಹುದು. ಒತ್ತಡ ನೋಡಿ ಏನೂ ಮಾಡಲಾಗದು.

ಮೀನು ಎಲ್ಲಿ ಹೋಗುತ್ತದೆ

ಬೇಸಿಗೆಯಿಡೀ ಜೌಗಿನೊಳಗೆ ಬೆಳೆದ ಬಿಳಿ ಸೀಗಡಿ ಶರತ್ಕಾಲದಲ್ಲಿ ನೀರು ತಣಿಯುತ್ತ ಬಂದಂತೆ ಸಮುದ್ರದ ಕಡೆ ಹೊರಡುತ್ತದೆ. ಪ್ರತಿ ಫ್ರಂಟ್ ನೀರನ್ನೆಳೆದಾಗಲೂ ಒಂದು ತಂಡ ತೋಡುಗಳ ಮೂಲಕ ಕೊಲ್ಲಿಗೆ ಬರುತ್ತದೆ. ಇಲ್ಲಿ ಎಲ್ಲರೂ ಹುಡುಕುವ ಮೀನುಗಳು ರೆಡ್‌ಫಿಶ್ ಮತ್ತು ಸ್ಪೆಕಲ್ಡ್ ಟ್ರೌಟ್. ಎರಡೂ ಈ ಮೆರವಣಿಗೆಗಾಗಿ ಕಾಯುತ್ತವೆ. ಹಾಗಾಗಿ ನೀರು ಇಳಿಯುತ್ತಿರುವಾಗ ನೋಡಬೇಕಾದ ಜಾಗ ತೋಡಿನ ಬಾಯಿ, ಅದರಲ್ಲೂ ಹರಿವು ಬಂದು ಆಳಕ್ಕೆ ಬೀಳುವ ಅಂಚು. ನೀರು ಪೂರ್ತಿ ಇಳಿದ ಮೇಲೆ ರೆಡ್‌ಫಿಶ್ ಜೌಗಿನ ಹೊರಗಿನ ಗುಂಡಿ, ಕಾಲುವೆಗಳಲ್ಲಿ ಒತ್ತೊತ್ತಾಗಿ ಸೇರುತ್ತದೆ; ಟ್ರೌಟ್ 5–8 ಅಡಿ ಆಳದ ಕೆಸರು ತಳ ಮತ್ತು ಸಿಂಪಿ ದಿಬ್ಬಗಳ ಅಂಚಿಗೆ ಸರಿಯುತ್ತದೆ. ತೆಳುನೀರು ಒಂದು ರಾತ್ರಿಯಲ್ಲಿ ತಣ್ಣಗಾಗುತ್ತದೆ, ಆಳದ್ದು ನಿಧಾನ. ಟ್ರೌಟ್ ಈ ಬದಲಾವಣೆಗೆ ಬೇಗ ಸ್ಪಂದಿಸುತ್ತದೆ, ರೆಡ್‌ಫಿಶ್ ಗಟ್ಟಿ ಜೀವ. ಶನಿವಾರವೇ ಹೋಗಬೇಕಾಗಿ ಬಂದರೆ ರೆಡ್‌ಫಿಶ್ ಮೇಲೆ ಭರವಸೆ ಇಡಿ.

ನೀರು ಇಳಿದ ದಿನಕ್ಕೆ ಒಂದು ಲಾಭವೂ ಇದೆ. ಉಬ್ಬರದಲ್ಲಿ ಸಾವಿರಾರು ಎಕರೆ ಜೌಗಿನಲ್ಲಿ ಚದುರಿದ್ದ ಮೀನು ಈಗ ಕೆಲವೇ ಗುಂಡಿಗಳಲ್ಲಿ ಇರುತ್ತದೆ. ಗುಂಡಿ ಗೊತ್ತಿರುವ ಗೈಡ್‌ಗೆ ಹುಡುಕಾಟ ಸುಲಭ, ಕಚ್ಚಿಸುವುದು ಕಷ್ಟ.

ದಡದ ಆಯ್ಕೆಯನ್ನೂ ಗಾಳಿಯೇ ಮಾಡುತ್ತದೆ. ಉತ್ತರದ ಗಾಳಿಗೆ, ಗ್ಯಾಲ್ವೆಸ್ಟನ್ ಕೊಲ್ಲಿಯ ಕವಲುಗಳಾದ ಈಸ್ಟ್ ಬೇ, ವೆಸ್ಟ್ ಬೇಗಳ ಉತ್ತರ ದಡ ಮರೆಯಾಗಿ ಸಿಗುತ್ತದೆ. ಅಲ್ಲಿ ನೀರು ತಿಳಿ, ಅಲೆ ಕಡಿಮೆ. ಆಗ್ನೇಯದ ಗಾಳಿ ಇದ್ದರೆ ಅದರ ತದ್ವಿರುದ್ಧ: ಗ್ಯಾಲ್ವೆಸ್ಟನ್ ದ್ವೀಪ ಮತ್ತು ಬೊಲಿವರ್ ಪರ್ಯಾಯ ದ್ವೀಪದ ಒಳದಡ. ಫ್ರಂಟ್ ಜೊತೆ ದೊಡ್ಡ ಮಳೆಯಾದರೆ ಟ್ರಿನಿಟಿ ನದಿಯ ಸಿಹಿನೀರು ಟ್ರಿನಿಟಿ ಬೇಗೆ ಇಳಿಯುತ್ತದೆ, ಟ್ರೌಟ್ ಉಪ್ಪು ಹೆಚ್ಚಿರುವ ಕೆಳಗಿನ ಕೊಲ್ಲಿಗೆ ಹೋಗುತ್ತದೆ.

ಯಾವುದೋ ಫೋಟೋ ತೋರಿಸಿ ‘ಇಲ್ಲಿಗೇ ಕರೆದೊಯ್ಯಿರಿ’ ಎಂದು ಗೈಡ್‌ಗೆ ಒತ್ತಾಯ ಮಾಡಬೇಡಿ. ಈ ಕಾಲದಲ್ಲಿ ಬೇಟೆ ಹಾಳಾಗುವ ದೊಡ್ಡ ಕಾರಣಗಳಲ್ಲಿ ಇದೂ ಒಂದು. ಅಕ್ಟೋಬರ್‌ನಲ್ಲಿ ಒಳಗಿನ ಕೆರೆಯಂಥ ಜೌಗಿನಲ್ಲಿ ತೆಗೆದ ಫೋಟೋ ಅದು. ನೀರು ಇಳಿಯುತ್ತಿರುವ ದಿನ ಅದೇ ಜಾಗಕ್ಕೆ ದೋಣಿ ನುಗ್ಗಿಸಿದರೆ ವಾಪಸು ಬರುವ ದಾರಿ ಕೆಸರಾಗಿರುತ್ತದೆ. ನೀರು ಮರಳುವವರೆಗೆ ಗಂಟೆಗಟ್ಟಲೆ ಚಳಿಗಾಳಿಯಲ್ಲಿ ಅಲ್ಲೇ ಕೂರಬೇಕು.

ಹಕ್ಕಿಗಳನ್ನು ನೋಡುವುದು ನಿಮ್ಮ ಮಗನಿಗೆ ಕೊಡಬಹುದಾದ ಒಳ್ಳೆಯ ಕೆಲಸ. ಟ್ರೌಟ್ ತಂಡ ಕೆಳಗಿನಿಂದ ಸೀಗಡಿಯನ್ನು ಮೇಲಕ್ಕೆ ಅಟ್ಟಿದಾಗ ಲಾಫಿಂಗ್ ಗಲ್ ಎಂಬ ಕಡಲಕ್ಕಿಗಳು ಕಿರುಚುತ್ತ ಒಂದೇ ಜಾಗದಲ್ಲಿ ಮೇಲಿಂದ ಎರಗುತ್ತವೆ. ಹಕ್ಕಿ ನೀರಿನ ಮೇಲೆ ಸುಮ್ಮನೆ ಕುಳಿತಿದ್ದರೆ ಬೇಟೆ ಮುಗಿದಿರಬಹುದು. ಟರ್ನ್‌ಗಳು ಮಾತ್ರ ಚದುರಿಕೊಂಡು ಮುಳುಗೇಳುತ್ತಿದ್ದರೆ ಅವು ಬಹುಪಾಲು ಪುಟಾಣಿ ಮೀನಿಗಾಗಿ. ಅವುಗಳ ಹಿಂದೆ ಓಡಿ ಇಂಧನ ಖರ್ಚು ಮಾಡುವುದು ದಂಡ. ಒಳ್ಳೆಯ ಗೈಡ್ ಹಕ್ಕಿಗಳ ಗುಂಪಿನಿಂದ ದೂರದಲ್ಲೇ, ಗಾಳಿ ಬರುವ ಕಡೆಯಲ್ಲಿ ಎಂಜಿನ್ ನಿಲ್ಲಿಸಿ ದೋಣಿ ತಾನಾಗಿ ತೇಲಿ ಹೋಗಲು ಬಿಡುತ್ತಾರೆ. ಎಂಜಿನ್ ಹಾಕಿಕೊಂಡೇ ಗುಂಪಿನೊಳಗೆ ನುಗ್ಗಿದರೆ ಮೀನು ಮುಳುಗಿ ಎತ್ತಲೋ ಹೋಗುತ್ತದೆ. ಹಕ್ಕಿಗಳ ಕೆಳಗೆ ಸಿಗುವ ಟ್ರೌಟ್ ಹೆಚ್ಚಾಗಿ ಚಿಕ್ಕವು. ಗುಂಪಿನ ಅಂಚಿನಲ್ಲಿ ತಳದವರೆಗೆ ಇಳಿಬಿಟ್ಟರೆ ದೊಡ್ಡವು ಸಿಗುವ ಅವಕಾಶ ಹೆಚ್ಚು.

ಗಾಳ, ದಾರ, ಕೈಚಳಕ

ಸಲಕರಣೆ ಗೈಡ್ ಕೊಡುತ್ತಾರೆ, ನೀವು ಕೊಳ್ಳಬೇಕಿಲ್ಲ. ಆದರೂ ಕೈಗೆ ಬಂದದ್ದು ಸರಿಯಿದೆಯೇ ಎಂದು ತಿಳಿಯಲು: ಏಳು ಅಡಿಯ ಮಧ್ಯಮ ಬಿಗಿಯ ರಾಡ್, 2500–3000 ಅಳತೆಯ ಸ್ಪಿನ್ನಿಂಗ್ ರೀಲ್, 10–15 ಪೌಂಡ್‌ನ ಹೆಣೆದ ದಾರ, ಅದರ ತುದಿಗೆ ಎರಡು ಅಡಿಯಷ್ಟು 20 ಪೌಂಡ್‌ನ ಫ್ಲೂರೊಕಾರ್ಬನ್ ಲೀಡರ್. ಸಿಂಪಿ ಚಿಪ್ಪು ಈ ಲೀಡರನ್ನು ಉಜ್ಜಿ ಒರಟು ಮಾಡುತ್ತದೆ. ಪ್ರತಿ ಮೀನಾದ ಮೇಲೆ ಕೊನೆಯ ಒಂದು ಅಡಿಯನ್ನು ಬೆರಳಲ್ಲಿ ಸವರಿ ನೋಡಿ, ತರಚಿದ್ದರೆ ಕತ್ತರಿಸಿ ಮತ್ತೆ ಕಟ್ಟಲು ಹೇಳಿ. ರೀಲಿನ ಬಿಗಿ, ಎಂದರೆ ಡ್ರ್ಯಾಗ್, ಒಂದರಿಂದ ಒಂದೂವರೆ ಕಿಲೋ ಎಳೆತಕ್ಕೆ ದಾರ ಬಿಡುವಂತಿರಲಿ. ಟ್ರೌಟ್‌ನ ಬಾಯಿಯ ಚರ್ಮ ತೆಳು. ಬಿಗಿ ಡ್ರ್ಯಾಗ್‌ನಲ್ಲಿ ಜಗ್ಗಿದರೆ ಕೊಕ್ಕೆ ಹರಿದುಕೊಂಡು ಬರುತ್ತದೆ.

ಅಪ್ಪನಿಗೂ ಮಗನಿಗೂ ಬೆಂಡು ಕಟ್ಟಿದ ಗಾಳವೇ ಸರಿ. ಇಲ್ಲಿ ಅದಕ್ಕೆ ಪಾಪಿಂಗ್ ಕಾರ್ಕ್ ಎನ್ನುತ್ತಾರೆ: ಬೆಂಡಿನ ಎರಡೂ ಬದಿ ಮಣಿಗಳಿರುತ್ತವೆ, ಎಳೆದಾಗ ಸೀಗಡಿ ಚಿಮ್ಮಿದಂಥ ಸದ್ದಾಗುತ್ತದೆ. ಕೆಳಗೆ 18–30 ಅಂಗುಲ ದಾರ, ಸಣ್ಣ ಸರ್ಕಲ್ ಕೊಕ್ಕೆ (ತುದಿ ಒಳಕ್ಕೆ ಬಾಗಿರುವ ಕೊಕ್ಕೆ), ಜೀವಂತ ಸೀಗಡಿ. ಸೀಗಡಿಯನ್ನು ತಲೆಯ ಮುಳ್ಳಿನ ಬುಡದಲ್ಲಿ, ಒಳಗೆ ಕಾಣುವ ಕಪ್ಪು ಚುಕ್ಕೆಗೆ ತಾಗದಂತೆ ಚುಚ್ಚಬೇಕು. ಆ ಚುಕ್ಕೆಗೆ ಚುಚ್ಚಿದರೆ ಅದು ತಕ್ಷಣ ಸಾಯುತ್ತದೆ. ಎಸೆದ ಮೇಲೆ ರಾಡ್ ತುದಿಯಿಂದ ಒಂದು ಸಲ ಚಿಟುಕಿಸಿ, ಸಡಿಲವಾದ ದಾರವನ್ನು ಸುತ್ತಿಕೊಂಡು, ಹತ್ತಿಪ್ಪತ್ತು ಸೆಕೆಂಡ್ ಸುಮ್ಮನಿರಿ. ಹೊಸಬರು ಎಡೆಬಿಡದೆ ಚಿಟುಕಿಸುತ್ತಾರೆ, ಸೀಗಡಿ ಹರಿದು ಹೋಗುತ್ತದೆ. ಬೆಂಡು ಮುಳುಗಿತೆಂದರೆ ರಾಡನ್ನು ಬೀಸಿ ಎಳೆಯಬಾರದು: ಸರ್ಕಲ್ ಕೊಕ್ಕೆ ಬೀಸೆಳೆತಕ್ಕೆ ಬಾಯಿಂದ ಜಾರಿ ಬರುತ್ತದೆ. ರೀಲ್ ಸುತ್ತುತ್ತ ಹೋದರೆ ಕೊಕ್ಕೆ ತಾನೇ ತಿರುಗಿ ಬಾಯಿಯ ಮೂಲೆಗೆ ಕೂರುತ್ತದೆ.

ನೀವು ರಬ್ಬರ್ ಮೀನು ಹಾಕುವುದಾದರೆ ಮೂರುನಾಲ್ಕು ಅಂಗುಲದ್ದು, ಜೋರು ಗಾಳಿಗೆ ಕಾಲು ಔನ್ಸ್‌ನ ಜಿಗ್ ತಲೆ (ಭಾರದ ಗುಂಡು ಕೂರಿಸಿದ ಕೊಕ್ಕೆ), ಗಾಳಿ ಇಳಿದ ದಿನ ಎಂಟನೇ ಒಂದು ಔನ್ಸ್. ತಳಕ್ಕೆ ಬಿಡಿ, ಒಂದು ಅಡಿ ಎತ್ತಿ, ದಾರವನ್ನು ಅರೆಬಿಗಿಯಲ್ಲಿಟ್ಟು ಮತ್ತೆ ಬೀಳಲು ಬಿಡಿ. ಬಹುತೇಕ ಕಚ್ಚುವುದು ಬೀಳುವಾಗಲೇ. ಫ್ರಂಟ್ ಆದ ಮರುದಿನ ಇದೇ ಕೆಲಸವನ್ನು ಅರ್ಧ ವೇಗದಲ್ಲಿ ಮಾಡಬೇಕು, ತಣ್ಣೀರಿನಲ್ಲಿ ಮೀನು ಬೆನ್ನಟ್ಟಿ ಬರುವುದಿಲ್ಲ. ಕಚ್ಚಿದ್ದು ಪೆಟ್ಟಿನಂತೆ ಅಲ್ಲ, ದಾರ ಸ್ವಲ್ಪ ಭಾರವಾದಂತೆ ತಿಳಿಯುತ್ತದೆ.

ಗಾಳಿಯಲ್ಲಿ ಎಸೆಯುವಾಗ ಗಂಟುಗಳೇ ದೊಡ್ಡ ತಲೆನೋವು. ತಲೆಯ ಮೇಲಿಂದ ಎತ್ತರಕ್ಕೆ ಎಸೆದರೆ ಗಾಳಿ ದಾರವನ್ನು ಬಿಲ್ಲಿನಂತೆ ಬಗ್ಗಿಸುತ್ತದೆ; ಆ ಸಡಿಲ ದಾರ ರೀಲ್ ಮೇಲೆ ಕುಣಿಕೆಯಾಗಿ ಕೂತು ಮುಂದಿನ ಎಸೆತದಲ್ಲಿ ಗೋಜಲಾಗಿ ಹೊರಬರುತ್ತದೆ. ಪಕ್ಕದಿಂದ, ತಗ್ಗಾಗಿ, ಗಾಳಿ ಹೋಗುವ ಕಡೆಗೇ ಎಸೆಯಿರಿ. ಗಾಳ ನೀರಿಗೆ ಬೀಳುವ ಮುನ್ನ ರೀಲಿನಿಂದ ಬಿಚ್ಚಿಕೊಳ್ಳುತ್ತಿರುವ ದಾರವನ್ನು ಬೆರಳಿನಿಂದ ತಡೆಯಿರಿ. ರೀಲಿನ ಕಂಬಿಯನ್ನು ಹಿಡಿ ತಿರುಗಿಸಿ ಮುಚ್ಚದೆ ಕೈಯಿಂದಲೇ ಮುಚ್ಚಿ, ಒಮ್ಮೆ ದಾರ ಎಳೆದು ಬಿಗಿ ಮಾಡಿ, ಆಮೇಲೆ ಸುತ್ತಿ. ಪಕ್ಕದಿಂದ ಎಸೆಯುವಾಗ ಕೊಕ್ಕೆ ಜನರ ಮುಖದ ಮಟ್ಟದಲ್ಲಿ ಹಾರುತ್ತದೆ, ಹಾಗಾಗಿ ಒಬ್ಬೊಬ್ಬರಾಗಿ ಎಸೆಯುವುದು, ಎಲ್ಲರೂ ಕನ್ನಡಕ ಹಾಕುವುದು ಕಡ್ಡಾಯ ಎಂದೇ ಇಟ್ಟುಕೊಳ್ಳಿ.

ಕಾನೂನು

ಟೆಕ್ಸಸ್‌ನಲ್ಲಿ ಗೈಡ್ ಜೊತೆ ಹೋದರೂ ನಿಮ್ಮ ಪರವಾನಗಿ ನಿಮ್ಮದೇ. ಗೈಡ್‌ನ ಪರವಾನಗಿಯೇ ಗಿರಾಕಿಗಳಿಗೂ ಸಾಕಾಗುವ ವ್ಯವಸ್ಥೆ ಫ್ಲಾರಿಡಾದಲ್ಲಿದೆ. ಅಲ್ಲಿ ಹೋಗಿ ಬಂದವರ ಮಾತು ಕೇಳಿ ಇಲ್ಲಿ ದಂಡ ಕಟ್ಟಬೇಡಿ. ನಿಮಗೆ ಉಪ್ಪುನೀರಿನ ಅನುಮತಿ ಸೇರಿದ ಮೀನುಗಾರಿಕೆ ಪರವಾನಗಿ ಬೇಕು. ಅಪ್ಪ ಟೆಕ್ಸಸ್ ನಿವಾಸಿಯಲ್ಲ, ಅವರಿಗೆ ಹೊರಗಿನವರಿಗೆ ಕೊಡುವ ಒಂದು ದಿನದ ‘ಆಲ್ ವಾಟರ್’ ಪರವಾನಗಿ ಸಾಕು. ದಿನ ಬದಲಾಗುವ ಸಾಧ್ಯತೆ ಇರುವುದರಿಂದ ಗುರುವಾರದ ಮಾತುಕತೆಯ ನಂತರವೇ ಕೊಳ್ಳಿ. ಮಗನಿಗೆ ಬೇಡ, 17ರ ಒಳಗಿನವರಿಗೆ ವಿನಾಯಿತಿ ಇದೆ. ಶರತ್ಕಾಲದಲ್ಲಿ ಅನೇಕರು ಎಡವುವುದು ಇಲ್ಲಿ: ಸಾಮಾನ್ಯ ವಾರ್ಷಿಕ ಪರವಾನಗಿ ಸೆಪ್ಟೆಂಬರ್ 1ರಿಂದ ಆಗಸ್ಟ್ 31ರವರೆಗೆ. ಹೋದ ಮೇ ತಿಂಗಳಲ್ಲಿ ಕೊಂಡದ್ದು ಈಗಾಗಲೇ ಮುಗಿದಿದೆ.

ಟ್ರೌಟ್‌ಗೆ 2024ರಲ್ಲಿ ನಿಯಮ ಬಿಗಿಯಾಯಿತು. ಈಗ ಒಬ್ಬರಿಗೆ ದಿನಕ್ಕೆ ಮೂರು, 15ರಿಂದ 20 ಅಂಗುಲದೊಳಗಿನವು. ರೆಡ್‌ಫಿಶ್ ಕೂಡ ಮೂರು, 20ರಿಂದ 28 ಅಂಗುಲ. ಇದಕ್ಕಿಂತ ದೊಡ್ಡದಕ್ಕೆ ಟ್ಯಾಗ್‌ನ ಬೇರೆ ನಿಯಮ ಇದೆ. ಹಳೆಯ ಲೇಖನಗಳಲ್ಲಿ ಬೇರೆ ಸಂಖ್ಯೆಗಳಿರುತ್ತವೆ, ಹೊರಡುವ ಮುನ್ನ ಟೆಕ್ಸಸ್ ಪಾರ್ಕ್ಸ್ ಆ್ಯಂಡ್ ವೈಲ್ಡ್‌ಲೈಫ್ ಇಲಾಖೆಯ ಆ್ಯಪ್‌ನಲ್ಲಿ ಒಮ್ಮೆ ನೋಡಿಕೊಳ್ಳಿ. ಅಳೆಯುವಾಗ ಬಾಯಿ ಮುಚ್ಚಿಸಿ, ಬಾಲದ ಎರಡು ತುದಿಗಳನ್ನು ಒಟ್ಟಿಗೆ ಹಿಸುಕಿ ಪೂರ್ತಿ ಉದ್ದ ಹಿಡಿಯಬೇಕು. ಗೈಡ್‌ನ ಪಾಲನ್ನು ಗಿರಾಕಿಗಳ ಲೆಕ್ಕಕ್ಕೆ ಸೇರಿಸುವಂತಿಲ್ಲ. ನೀವು ಮೂವರು, ಆದ್ದರಿಂದ ದೋಣಿಯಲ್ಲಿ ಹೆಚ್ಚೆಂದರೆ ಒಂಬತ್ತು ಟ್ರೌಟ್. ಮೀನನ್ನು ದಡ ಮುಟ್ಟುವವರೆಗೆ ತಲೆ ಬಾಲ ಸಮೇತ ಇಡಬೇಕು.

ನಿಮ್ಮ ದಿನಕ್ಕೆ ಅತಿ ಮುಖ್ಯವಾದದ್ದು ಫ್ಲೌಂಡರ್. ಈ ಚಪ್ಪಟೆ ಮೀನು ಶರತ್ಕಾಲದಲ್ಲೇ ಮೊಟ್ಟೆ ಇಡಲು ಕೊಲ್ಲಿಯ ಬಾಯಿಗಳ ಮೂಲಕ ಸಮುದ್ರಕ್ಕೆ ಹೋಗುತ್ತದೆ, ಹಾಗಾಗಿ ನವೆಂಬರ್‌ನಲ್ಲಿ ಗಾಳಕ್ಕೆ ಸುಲಭವಾಗಿ ಸಿಗುತ್ತದೆ. ಅದೇ ಕಾರಣಕ್ಕೆ ಟೆಕ್ಸಸ್‌ನಲ್ಲಿ ನವೆಂಬರ್ 1ರಿಂದ ಡಿಸೆಂಬರ್ 14ರವರೆಗೆ ಅದನ್ನು ಇಟ್ಟುಕೊಳ್ಳುವಂತಿಲ್ಲ. ಸಿಕ್ಕರೆ ಒದ್ದೆ ಕೈಯಲ್ಲಿ ಹಿಡಿದು, ಕೊಕ್ಕೆ ತೆಗೆದು, ಬೇಗ ನೀರಿಗೆ ಬಿಡಿ.

ಗೈಡ್ ಬಳಿ ಎರಡು ಕಾಗದ ಇರಬೇಕು: ರಾಜ್ಯದ ಗೈಡ್ ಪರವಾನಗಿ, ಕೋಸ್ಟ್ ಗಾರ್ಡ್ ಕೊಟ್ಟ ಕ್ಯಾಪ್ಟನ್ ಪರವಾನಗಿ. ಎರಡನೆಯದರ ಸಾಮಾನ್ಯ ಬಗೆಯಲ್ಲಿ ಆರು ಪ್ರಯಾಣಿಕರಿಗಿಂತ ಹೆಚ್ಚು ಮಂದಿಯನ್ನು ಕರೆದೊಯ್ಯುವಂತಿಲ್ಲ. ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ನಿಮ್ಮ ಮಗ 13ರ ಒಳಗಿರುವುದರಿಂದ 26 ಅಡಿಗಿಂತ ಚಿಕ್ಕ ದೋಣಿ ಚಲಿಸುವಾಗ, ಎಂಜಿನ್ ನಿಲ್ಲಿಸಿ ತೇಲುತ್ತಿರುವಾಗಲೂ, ಲೈಫ್ ಜಾಕೆಟ್ ತೊಟ್ಟಿರಲೇಬೇಕು. ಅವನ ತೂಕಕ್ಕೆ ಸರಿಹೊಂದುವುದು ಇದೆಯೇ ಎಂದು ಮೊದಲೇ ಕೇಳಿ, ಇಲ್ಲದಿದ್ದರೆ ನೀವೇ ಒಯ್ಯಿರಿ.

ಗುರುವಾರ ಏನು ಮಾತಾಡಬೇಕು

‘ಮೀನು ಸಿಗುತ್ತದೆಯೇ’ ಎಂದು ಕೇಳಬೇಡಿ, ಅದಕ್ಕೆ ಯಾರೂ ನೇರ ಉತ್ತರ ಕೊಡಲಾರರು. ಎಷ್ಟು ಗಾಳಿಯವರೆಗೆ ಹೊರಡುತ್ತೀರಿ, ಗಾಳಿ ತಿರುಗಿದರೆ ಯಾವ ದಡ, ನೀರು ತೀರಾ ಇಳಿದರೆ ಎಲ್ಲಿ ಎಂದು ಕೇಳಿ. ಸಣ್ಣ ದೋಣಿಗಳಿಗೆ ಹವಾಮಾನ ಇಲಾಖೆ ಎಚ್ಚರಿಕೆ ಕೊಡುವುದು ಸಾಮಾನ್ಯವಾಗಿ 20 ನಾಟ್ ದಾಟಿದಾಗ. ಆ ಎಚ್ಚರಿಕೆ ಇದ್ದೂ ‘ಪರವಾಗಿಲ್ಲ, ಬನ್ನಿ’ ಎನ್ನುವವರಿಗಿಂತ ‘ಬೇಡ’ ಎನ್ನುವವರನ್ನು ನಂಬಿ. ಗೈಡ್ ರದ್ದು ಮಾಡಿದರೆ ಮುಂಗಡ ವಾಪಸೋ ಅಥವಾ ಬೇರೆ ದಿನಕ್ಕೆ ಸೇರುತ್ತದೋ, ನೀವು ಹೆದರಿ ರದ್ದು ಮಾಡಿದರೆ ಏನು, ಇವೆರಡನ್ನೂ ಸ್ಪಷ್ಟಪಡಿಸಿಕೊಳ್ಳಿ. ಬಹಳ ಮಂದಿ ಮೊದಲನೆಯದಕ್ಕೆ ದಿನ ಬದಲಿಸಿಕೊಡುತ್ತಾರೆ, ಎರಡನೆಯದಕ್ಕೆ ಮುಂಗಡ ಹೋಗುತ್ತದೆ.

ಶನಿವಾರವೇ ಗತಿ ಎಂದಾದರೆ ಬೆಳಿಗ್ಗೆ ಆರಕ್ಕೆ ಬದಲು ಹತ್ತು ಗಂಟೆಗೆ ಹೊರಡೋಣವೇ ಎಂದು ಕೇಳಿ. ಬೇಸಿಗೆಯಲ್ಲಿ ಮುಂಜಾನೆ ಚಿನ್ನ. ಫ್ರಂಟ್ ಮರುದಿನ ಅಲ್ಲ. ಮಧ್ಯಾಹ್ನದ ಹೊತ್ತಿಗೆ ಗಾಳಿ ಒಂದಿಷ್ಟು ಇಳಿದಿರುತ್ತದೆ, ಕಪ್ಪು ಕೆಸರಿನ ತೆಳುನೀರು ಬಿಸಿಲಿಗೆ ಒಂದೆರಡು ಡಿಗ್ರಿ ಕಾದಿರುತ್ತದೆ, ಅಷ್ಟಕ್ಕೇ ರೆಡ್‌ಫಿಶ್ ಬಾಯಿ ತೆರೆಯುತ್ತದೆ. ದೋಣಿಯಲ್ಲಿ ಶೌಚಾಲಯ ಇದೆಯೇ, ಅಪ್ಪನಿಗೆ ಬೆನ್ನಿಗೆ ಆಧಾರ ಇರುವ ಆಸನ ಸಿಗುತ್ತದೆಯೇ ಎಂಬುದನ್ನೂ ಸಂಕೋಚವಿಲ್ಲದೆ ಕೇಳಿ. ಈ ಬಗೆಯ ದೋಣಿಗಳಲ್ಲಿ ಹೆಚ್ಚಿನವುಗಳಲ್ಲಿ ಶೌಚಾಲಯ ಇರುವುದಿಲ್ಲ, ಹಾಗಾಗಿ ಅರ್ಧ ದಿನದ ಪ್ರಯಾಣ ಸಾಕು.

ಚಳಿಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ದಡದಲ್ಲಿ 45 ಡಿಗ್ರಿ ಫ್ಯಾರನ್‌ಹೀಟ್ (7 ಸೆಲ್ಸಿಯಸ್) ಇದ್ದರೆ, ಗಂಟೆಗೆ 30 ಮೈಲಿ ವೇಗದ ದೋಣಿಯಲ್ಲಿ ಮೈಗೆ ತಗಲುವುದು 35 ಡಿಗ್ರಿ (2 ಸೆಲ್ಸಿಯಸ್) ಚಳಿ. ಒಳಗೆ ಹತ್ತಿ ಬೇಡ, ಒದ್ದೆಯಾದರೆ ಒಣಗುವುದಿಲ್ಲ; ಪಾಲಿಯೆಸ್ಟರ್ ಅಥವಾ ಉಣ್ಣೆ, ಮೇಲೆ ನೀರು ಗಾಳಿ ತಡೆಯುವ ಜಾಕೆಟ್ ಮತ್ತು ಪ್ಯಾಂಟ್ ಎರಡೂ. ಒಂದು ಜೊತೆ ಒಣ ಬಟ್ಟೆ ಪ್ಲಾಸ್ಟಿಕ್ ಚೀಲದಲ್ಲಿರಲಿ. ಹೊಟ್ಟೆ ತೊಳಸುವ ಸ್ವಭಾವದವರು ಮೆಕ್ಲಿಜಿನ್ ಮಾತ್ರೆಯನ್ನು ಹೊರಡುವ ಒಂದು ಗಂಟೆ ಮೊದಲೇ ತೆಗೆದುಕೊಳ್ಳಬೇಕು, ವಾಂತಿ ಶುರುವಾದ ಮೇಲೆ ಪ್ರಯೋಜನ ಕಡಿಮೆ. ಅಪ್ಪನಿಗೆ ಗ್ಲಾಕೋಮಾ ಅಥವಾ ಪ್ರಾಸ್ಟೇಟ್ ತೊಂದರೆ ಇದ್ದರೆ ವೈದ್ಯರನ್ನು ಕೇಳದೆ ಆ ಮಾತ್ರೆ ಕೊಡಬೇಡಿ.

ಗಾಳಕ್ಕೆ ಹಾರ್ಡ್‌ಹೆಡ್ ಎಂಬ ಮೀಸೆ ಮೀನು ಸಿಕ್ಕೇ ಸಿಗುತ್ತದೆ. ಅದರ ಬೆನ್ನಿನ ಮತ್ತು ಎರಡು ಪಕ್ಕಗಳ ಮುಳ್ಳು ಗರಗಸದಂತೆ, ವಿಷವೂ ಉಂಟು. ಯಾರೂ ಕೈ ಹಾಕಬೇಡಿ, ಗೈಡ್ ಇಕ್ಕುಳದಲ್ಲಿ ಬಿಡಿಸಲಿ. ಚುಚ್ಚಿದರೆ ಗಾಯವನ್ನು ಸೋಪು, ಶುದ್ಧ ನೀರಿನಲ್ಲಿ ತೊಳೆದು, ತಾಳಿಕೊಳ್ಳುವಷ್ಟು ಬಿಸಿಯಾದ (45 ಸೆಲ್ಸಿಯಸ್ ಮೀರದ) ನೀರಿನಲ್ಲಿ ಅರ್ಧ ಗಂಟೆಗೂ ಹೆಚ್ಚು ಇಟ್ಟರೆ ನೋವು ಇಳಿಯುತ್ತದೆ. ಅಪ್ಪನಿಗೆ ಮಧುಮೇಹ ಅಥವಾ ಯಕೃತ್ತಿನ ಕಾಯಿಲೆ ಇದ್ದರೆ ಇನ್ನಷ್ಟು ಜಾಗ್ರತೆ: ಬೆಚ್ಚನೆಯ ಉಪ್ಪುನೀರಿನಲ್ಲಿ ವಿಬ್ರಿಯೊ ಎಂಬ ಬ್ಯಾಕ್ಟೀರಿಯಾ ಇರುತ್ತದೆ, ಗಾಯದ ಮೂಲಕ ಮೈ ಸೇರಿದರೆ ಅಂಥವರಿಗೆ ಪ್ರಾಣಾಪಾಯ. ಮೊದಲೇ ಗಾಯವಿದ್ದರೆ ನೀರು ತಾಗದ ಪಟ್ಟಿ ಕಟ್ಟಿಕೊಳ್ಳಲಿ. ಕೆಲವೇ ಗಂಟೆಗಳಲ್ಲಿ ಕೆಂಪು ಹರಡಿದರೆ, ಗುಳ್ಳೆ ಎದ್ದರೆ, ಜ್ವರ ಬಂದರೆ ಬೆಳಗಾಗಲಿ ಎಂದು ಕಾಯದೆ ನೇರ ಎಮರ್ಜೆನ್ಸಿಗೆ ಹೋಗಿ, ಉಪ್ಪುನೀರಿನಲ್ಲಿ ಗಾಯವಾಯಿತು ಎಂದು ಮೊದಲೇ ಹೇಳಿ.

ಮೀನು ಮನೆಗೆ ತರುವುದಾದರೆ ಒಂದು ಕಿಲೋ ಮೀನಿಗೆ ಕನಿಷ್ಠ ಒಂದು ಕಿಲೋ ಐಸ್, ಅದಕ್ಕೆ ಸ್ವಲ್ಪ ಸಮುದ್ರದ ನೀರು ಬೆರೆಸಿದರೆ ಮೀನು ಬೇಗ ತಣಿಯುತ್ತದೆ. ಚಳಿ ದಿನವಾದರೂ ಐಸ್ ಬೇಕು. ದಡದಲ್ಲಿ ಗೈಡ್ ಮೀನು ಹಸನು ಮಾಡಿಕೊಡುತ್ತಾರೆ. ತಲೆ, ಮುಳ್ಳು ಬೇಕಿದ್ದರೆ ಮೊದಲೇ ಹೇಳಿ, ಇಲ್ಲದಿದ್ದರೆ ಅವರು ಬರೀ ಫಿಲೆ ತೆಗೆದು ಉಳಿದದ್ದನ್ನು ಎಸೆದುಬಿಡುತ್ತಾರೆ. ಟಿಪ್ ಒಟ್ಟು ಮೊತ್ತದ ಶೇ. 15–20 ಕೊಡುವುದು ರೂಢಿ. ಟ್ರೌಟ್ ಮಾಂಸದಲ್ಲಿ ಬಿಳಿ ನೂಲಿನಂಥ ಹುಳು ಕಾಣಿಸಿದರೆ ಗಾಬರಿ ಬೇಡ, ಅದು ಮನುಷ್ಯರಿಗೆ ತಗಲುವುದಿಲ್ಲ. ಚಾಕುವಿನಲ್ಲಿ ಎಳೆದು ತೆಗೆದು ಚೆನ್ನಾಗಿ ಬೇಯಿಸಿ. ಹ್ಯೂಸ್ಟನ್ ಶಿಪ್ ಚಾನೆಲ್ ಮತ್ತು ಮೇಲಿನ ಗ್ಯಾಲ್ವೆಸ್ಟನ್ ಕೊಲ್ಲಿಯ ಮೀನಿನ ವಿಷಯ ಬೇರೆ: ಡಯಾಕ್ಸಿನ್, ಪಿಸಿಬಿ ಎಂಬ ವಿಷಕಾರಿ ರಾಸಾಯನಿಕಗಳ ಕಾರಣಕ್ಕೆ ರಾಜ್ಯದ ಆರೋಗ್ಯ ಇಲಾಖೆ ಅಲ್ಲಿನ ಮೀನು ತಿನ್ನುವ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ಫ್ರಂಟ್‌ನಿಂದಾಗಿ ಗೈಡ್ ನಿಮ್ಮನ್ನು ಆ ಕಡೆಯ ಮರೆಗೆ ಕರೆದೊಯ್ದರೆ ಹಿಡಿದ ಮೀನನ್ನು ಮತ್ತೆ ನೀರಿಗೆ ಬಿಡಿ, ಅಡುಗೆಗೆ ಈಸ್ಟ್ ಬೇ ಅಥವಾ ವೆಸ್ಟ್ ಬೇ ಮೀನು ಆಗಲಿ, ಅಲ್ಲಿಗೂ ಯಾವ ಸಲಹೆ ಜಾರಿಯಲ್ಲಿದೆ ಎಂದು ಇಲಾಖೆಯ ನಕ್ಷೆಯಲ್ಲಿ ನೋಡಿಕೊಂಡು.